ಬೋಟು ದಡದಲ್ಲಿರುವಾಗ ಯಾವುದಕ್ಕೆ ಸ್ತೋತ್ರ?

ಪ್ರಶ್ನೆ: ನಮ್ಮದು ಕಾರವಾರ. ಮನೆಯವರು ಬೋಟಿನ ಕೆಲಸಕ್ಕೆ ಹೋಗುತ್ತಾರೆ. ಮಳೆಗಾಲದಲ್ಲಿ ಕೈಯಲ್ಲಿ ಕಾಸಿರುವುದಿಲ್ಲ. ಆಗಲೂ ಊಟಕ್ಕೆ ಮೊದಲು "ನೀನು ಕೊಟ್ಟದ್ದಕ್ಕೆ ಸ್ತೋತ್ರ" ಅನ್ನುವುದು ಸುಮ್ನೆ ಬಾಯಿಮಾತು ಅಲ್ವಾ?

ಉತ್ತರ: ಸ್ತೋತ್ರ ಹೇಳಿ, ಆದರೆ ನಟಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಸರಿಯೇ. ಆದರೆ ಅಂಗಡಿಯ ಸಾಲಕ್ಕೆ ರಜೆ ಇಲ್ಲವಲ್ಲ! ಸಂತ ಪೌಲರು ಎಲ್ಲಾ ಸ್ಥಿತಿಯಲ್ಲೂ ಸ್ತೋತ್ರ ಮಾಡಿ ಎಂದರು. ಕಷ್ಟವನ್ನೇ ಹೊಗಳಿ ಅಂತ ಹೇಳಲಿಲ್ಲ.

ಬೈಬಲ್ಲಿನ ಯೋಹಾನನ ಶುಭಸಂದೇಶದ 6ನೇ ಅಧ್ಯಾಯ ನೋಡಿ. ಎದುರಿಗೆ ಗಂಡಸರೇ ಸುಮಾರು 5,000. ಇದ್ದದ್ದು ಒಬ್ಬ ಹುಡುಗನ ಹತ್ತಿರದ 5 ಜವೆಗೋಧಿ ರೊಟ್ಟಿ, 2 ಮೀನು. ಇಷ್ಟು ಜನಕ್ಕೆ ಇದು ಎಲ್ಲಿಗೆ ಸಾಕು ಅಂತ ಶಿಷ್ಯ ಅಂದ್ರೆಯ ಕೇಳಿಯೂ ಬಿಟ್ಟ. ಯೇಸುಸ್ವಾಮಿ ಸ್ತೋತ್ರ ಸಲ್ಲಿಸಿದ್ದು ಆ ಹೊತ್ತಿನಲ್ಲೇ. ಎಲ್ಲರೂ ಉಂಡು, ಉಳಿದ ತುಂಡುಗಳಿಂದ 12 ಬುಟ್ಟಿ ತುಂಬಿದ್ದು ಆಮೇಲೆ.

ನಮ್ಮ ತೆನೆ ಹಬ್ಬವೂ ಹೀಗೇ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಕೊಂಕಣಿ ಕಥೋಲಿಕರು ಇಗರ್ಜಿಯಲ್ಲಿ ಆಶೀರ್ವಾದವಾದ ಹೊಸ ತೆನೆಯನ್ನು ಮನೆಗೆ ತರುತ್ತಾರೆ. ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಆಗ ಗದ್ದೆ ಇನ್ನೂ ಹಸಿರು. ಕೊಯ್ಲಿನ ಮೊದಲು ಒಂದು ಜೋರು ಗಾಳಿಮಳೆ ಬಂದರೆ ಪೈರು ಮಲಗಿಯೇ ಬಿಡುತ್ತದೆ. ಆದರೂ ಬತ್ತ ಮನೆ ಸೇರಲಿ, ಆಮೇಲೆ ಹಬ್ಬ ಮಾಡೋಣ ಅಂತ ಯಾರೂ ಕಾಯುವುದಿಲ್ಲ.

ಹಾಗಂತ ಬೇಡುವುದನ್ನು ಬಿಡಬೇಕಾಗಿಲ್ಲ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲೇ ಅನುದಿನದ ಆಹಾರ ಕೊಡು ಅನ್ನುವ ಬೇಡಿಕೆ ಇದೆ. ದೇವರ ಜೊತೆ ಜಗಳಕ್ಕೂ ಜಾಗ ಇದೆ. ಬೈಬಲ್ಲಿನ 13ನೇ ಕೀರ್ತನೆ "ಇನ್ನೆಷ್ಟು ಕಾಲ?" ಅಂತಲೇ ಶುರುವಾಗುತ್ತದೆ. ಮುಗಿಯುವುದು ಮಾತ್ರ ಹಾಡಿನಲ್ಲಿ. ಸ್ತೋತ್ರ ಹೇಳುವಾಗ ಗಂಟಲು ಕಟ್ಟಿದರೆ ಆ ಕೀರ್ತನೆಯನ್ನೇ ಓದಿ, ಪುಟ್ಟದು.

ಇನ್ನೊಂದು ಮಾತು. ಹೊಟ್ಟೆ ತುಂಬಿದವರು ಬಂದು "ಸ್ತೋತ್ರ ಹೇಳು, ದೇವರು ಕೊಡ್ತಾನೆ" ಅಂತ ಉಪದೇಶ ಮಾಡುವುದುಂಟು. ನನಗಂತೂ ಅದು ಸೇರುವುದಿಲ್ಲ. ಯಾಕೋಬನ ಪತ್ರದ 2ನೇ ಅಧ್ಯಾಯವೂ ಅದನ್ನು ಒಪ್ಪುವುದಿಲ್ಲ. ಊಟಕ್ಕಿಲ್ಲದವರಿಗೆ ಏನೂ ಕೊಡದೆ, ಹೊಟ್ಟೆ ತುಂಬ ಉಣ್ಣಿ ಅಂತ ಹೇಳಿ ಕಳಿಸಿದರೆ ಏನು ಬಂತು ಅಂತ ನೇರವಾಗಿ ಕೇಳುತ್ತದೆ. ಜುಲೈಯಲ್ಲಿ ಅಂಥವರು ನಿಮ್ಮ ಮನೆಗೆ ಬಂದರೆ, ನಾಚಿಕೊಳ್ಳದೆ ಅಕ್ಕಿ ಕೇಳಿ.