ಕ್ಯಾಲಿಫೋರ್ನಿಯಾದ ಇಮ್ಯಾನ್ಸಿಪೇಷನ್: ನಾನು ಎಡವಿದ ಜಾಗ

ಕುಟುಂಬ ಕಾನೂನು ಓದುವಾಗ ಈ ಒಂದು ವಿಷಯ ಮೂರು ದಿನ ತಲೆ ತಿಂದಿತು. ಮರೆಯುವ ಮುಂಚೆ ಬರೆದಿಡುತ್ತೇನೆ.

18 ತುಂಬುವ ಮೊದಲೇ ಹುಡುಗ ಅಥವಾ ಹುಡುಗಿಯನ್ನು ಹೆತ್ತವರ ಹಿಡಿತದಿಂದ ಕಾನೂನು ಬಿಡಿಸುವುದೇ ಇಮ್ಯಾನ್ಸಿಪೇಷನ್. ಕ್ಯಾಲಿಫೋರ್ನಿಯಾದ ಫ್ಯಾಮಿಲಿ ಕೋಡ್‌ನಲ್ಲಿ ಮೂರು ದಾರಿ ಇವೆ: ಮದುವೆ, ಸೇನೆಯ ಸಕ್ರಿಯ ಸೇವೆ, ಕೋರ್ಟಿನ ಘೋಷಣೆ. ಮೊದಲೆರಡು ಸುಲಭ, ಬಿಡಿ.

ಕೋರ್ಟಿನ ದಾರಿಗೆ ಸೆಕ್ಷನ್ 7120 ಕೇಳುವುದು ಇಷ್ಟು. ಕನಿಷ್ಠ 14 ವರ್ಷ ಆಗಿರಬೇಕು. ಸ್ವಂತ ಇಷ್ಟದಿಂದ, ಹೆತ್ತವರ ಒಪ್ಪಿಗೆ ಅಥವಾ ಮೌನ ಸಮ್ಮತಿ ಇಟ್ಟುಕೊಂಡು ಬೇರೆ ವಾಸವಾಗಿರಬೇಕು. ತನ್ನ ಹಣಕಾಸು ತಾನೇ ನೋಡಿಕೊಳ್ಳುತ್ತಿರಬೇಕು. ಆ ದುಡ್ಡು ಅಪರಾಧದಿಂದ ಬಂದಿರಬಾರದು.

ಈಗ ಕ್ರಿಯಾಪದಗಳನ್ನು ನಿಧಾನವಾಗಿ ಓದಿ. "ವಾಸವಾಗಿರಬೇಕು." "ನೋಡಿಕೊಳ್ಳುತ್ತಿರಬೇಕು." ಅಂದರೆ ಅರ್ಜಿ ಹಾಕುವ ಹೊತ್ತಿಗೇ ಇವೆಲ್ಲ ನಡೆಯುತ್ತಿರಬೇಕು. ನಾನು ಅಂದುಕೊಂಡಿದ್ದ ಕ್ರಮ ಹೀಗಿತ್ತು: ಅರ್ಜಿ, ಆದೇಶ, ಮನೆ ಬಿಡುವುದು, ಆಮೇಲೆ ಕೆಲಸ. ಅದು ಪೂರ್ತಿ ತಲೆಕೆಳಗು. ಮೊದಲು ಬೇರೆ ಸೂರು, ಮೊದಲು ಸಂಬಳ, ಕೊನೆಗೆ ಅರ್ಜಿ. ಆಗಲೇ ತನ್ನ ಕಾಲ ಮೇಲೆ ನಿಂತವರನ್ನು ಕೋರ್ಟು ಗುರುತಿಸುತ್ತದೆ, ಅಷ್ಟೇ. ಅದಕ್ಕೇ ಇಎಂ-100 ಅರ್ಜಿಯ ಜೊತೆ ಆದಾಯ ಮತ್ತು ಖರ್ಚಿನ ಇಎಂ-115 ಫಾರಂ ಇಡಬೇಕು.

ಇದು ನನಗೆ ನಿಜವಾಗಿ ಹಿಡಿದದ್ದು ಲೆಕ್ಕ ಹಾಕಿದಾಗ. 15 ವರ್ಷದ ಹುಡುಗಿ ಅಂದುಕೊಳ್ಳಿ. ಶಾಲೆ ಇರುವ ವಾರದಲ್ಲಿ ಅವಳು ಹೆಚ್ಚೆಂದರೆ 18 ಗಂಟೆ ದುಡಿಯಬಹುದು. 2024ರಲ್ಲಿ ರಾಜ್ಯದ ಕನಿಷ್ಠ ವೇತನ ಗಂಟೆಗೆ 16 ಡಾಲರ್. ವಾರಕ್ಕೆ 288 ಡಾಲರ್, ಅದೂ ತೆರಿಗೆಗೆ ಮುಂಚೆ. ಬಾಡಿಗೆ, ಊಟ, ಬಸ್ಸು, ಔಷಧಿ ಎಲ್ಲ ಅದರಲ್ಲೇ. ಕಾನೂನು 14ಕ್ಕೇ ಬಾಗಿಲು ತೆರೆದಿದೆ ನಿಜ, ಆದರೆ ಆ ವಯಸ್ಸಿನ ಎಷ್ಟು ಮಕ್ಕಳು ಈ ಲೆಕ್ಕ ತೋರಿಸಬಲ್ಲರು? ನನಗೆ ಇದು ತುಂಬಾ ಕಠಿಣ ಅನಿಸಿತು.

ಇನ್ನು ಮೌನ ಸಮ್ಮತಿ. ಮಗು ಎಲ್ಲಿದೆ ಅಂತ ಹೆತ್ತವರಿಗೆ ಗೊತ್ತು, ವಾಪಸ್ ಕರೆಯಲೂ ಇಲ್ಲ, ತಡೆಯಲೂ ಇಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತೀವಲ್ವಾ, ಅದೇ. ಓಡಿಹೋದ ಮಗುವನ್ನು ಅವರು ಊರೆಲ್ಲ ಹುಡುಕುತ್ತಿದ್ದರೆ ಸಮ್ಮತಿ ಇಲ್ಲ. ವಿಚಾರಣೆಗೆ ಮುಂಚೆ ಅವರಿಗೆ ನೋಟಿಸ್ ಹೋಗಬೇಕು. ವಿಳಾಸವೇ ಗೊತ್ತಿಲ್ಲ ಅಥವಾ ಬೇರೆ ಬಲವಾದ ಕಾರಣ ಇದೆ ಅಂತ ತೋರಿಸಿದರೆ ಮಾತ್ರ ವಿನಾಯಿತಿ. ಎಲ್ಲ ಸರಿಯಿದ್ದರೂ ಇದು ಮಗುವಿನ ಹಿತಕ್ಕೆ ವಿರುದ್ಧ ಅನಿಸಿದರೆ ಜಡ್ಜ್ ಅರ್ಜಿ ತಳ್ಳಿಹಾಕಬಹುದು.

ಆದೇಶ ಸಿಕ್ಕರೆ ಕರಾರಿಗೆ ಸಹಿ ಹಾಕಬಹುದು, ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು. ಹೆತ್ತವರಿಂದ ಪೋಷಣೆ ಕೇಳುವ ಹಕ್ಕು ಹೋಗುತ್ತದೆ. ಮತದಾನಕ್ಕೆ 18, ಮದ್ಯಕ್ಕೆ 21, ಅದು ಬದಲಾಗಲ್ಲ. ಮುಂದೆ ಬದುಕಲು ದಾರಿಯೇ ಇಲ್ಲದ ಸ್ಥಿತಿ ಬಂದರೆ ಕೋರ್ಟು ಆದೇಶ ರದ್ದು ಮಾಡಬಹುದು.

ನಮ್ಮಲ್ಲಿ ಇಂಥ ಅರ್ಜಿಯೇ ಇಲ್ಲ. ವಯಸ್ಕರಾಗುವ ವಯಸ್ಸು ಹೇಳುವ 1875ರ ಕಾಯ್ದೆಯಂತೆ 18ಕ್ಕೆ ವಯಸ್ಕರು. 1999ರ ತಿದ್ದುಪಡಿವರೆಗೆ, ಮಗುವಿಗೆ ಕೋರ್ಟು ಗಾರ್ಡಿಯನ್ ನೇಮಿಸಿದ್ದರೆ ಅದು 21 ಆಗುತ್ತಿತ್ತು. ಅಂದರೆ ಇಲ್ಲಿ ಕೋರ್ಟಿನಿಂದ ದೊಡ್ಡವರಾಗುವುದು ತಡವಾಗುತ್ತಿತ್ತು, ಬೇಗ ಆಗುತ್ತಿರಲಿಲ್ಲ! ಕರಾರಿನ ವಿಷಯದಲ್ಲೂ ಹಾಗೇ: ಪ್ರಿವಿ ಕೌನ್ಸಿಲ್ (ಆಗಿನ ಅತ್ಯುನ್ನತ ಕೋರ್ಟು) ಕೊಟ್ಟ 1903ರ ಮೋಹರಿ ಬೀಬೀ ತೀರ್ಪಿನ ಪ್ರಕಾರ ಅಪ್ರಾಪ್ತರ ಕರಾರು ಮೊದಲಿನಿಂದಲೇ ಅಸಿಂಧು.

ಗೆಳತಿ ಕೇಳಿದಳು: ಮನೆಯಲ್ಲಿ ಏಟು ತಿನ್ನುವ ಮಗುವೂ ಮೊದಲು ಸಂಬಳ ತೋರಿಸಬೇಕಾ? ಬೇಡ. ಅದು ಮಕ್ಕಳ ರಕ್ಷಣೆಯ ದಾರಿ, ಅಲ್ಲೂ ಬೇರೆ, ಇಲ್ಲೂ ಬೇರೆ. ಇಲ್ಲಿ 2015ರ ಬಾಲ ನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನ್ ಮಾಡಬಹುದು, ದುಡ್ಡು ಬೇಕಿಲ್ಲ.