1990 ಬೇಡ, 1994 ಇರಲಿ: ಮಿಯಾಟಾದ ಹಿಂಚಕ್ರಗಳ ಲೆಕ್ಕ

ಹಳೆಯ ಮಜ್ದಾ ಮಿಯಾಟಾ ಹುಡುಕುವವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ: ಎಷ್ಟು ಅಶ್ವಶಕ್ತಿ, ಎಷ್ಟು ಮೈಲಿ ಓಡಿದೆ, ಕೆಂಪು ಬಣ್ಣದ್ದು ಸಿಗುತ್ತದೆಯೇ? ಮೂರಕ್ಕೂ ಮನಸ್ಸಿಗೆ ಒಪ್ಪುವ ಉತ್ತರ ಸಿಕ್ಕಿ, ಕಾರು ಮಾತ್ರ ತಪ್ಪಾದದ್ದು ಮನೆಗೆ ಬರಬಹುದು. ಈ ಕಾರಿನ ಗುಣ ಬಹುಪಾಲು ತೀರ್ಮಾನವಾಗುವುದು ಎರಡು ಹಿಂಚಕ್ರಗಳ ನಡುವೆ, ಎಣ್ಣೆ ಹಿಡಿದು ಕೂತ ಲೋಹದ ಗೂಡಿನಲ್ಲಿ. ಅದೇ ಡಿಫರೆನ್ಷಿಯಲ್: ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೂ ಹಂಚುತ್ತಾ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಾಲಿಗಳ ಕೂಟ. ಜಾಹೀರಾತುಗಳಲ್ಲಿ ಅದರ ಚಿತ್ರ ಹಾಕುವವರಿಲ್ಲ, ಕೊಳ್ಳುವವರು ಬಗ್ಗಿ ನೋಡುವುದೂ ಅಪರೂಪ.

ಈ ಎರಡು ಸೀಟಿನ ತೆರೆದ ಕಾರು ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರುವರಿಯಲ್ಲಿ, ಷಿಕಾಗೊದ ವಾಹನ ಮೇಳದಲ್ಲಿ. ಹಳೆಯ ಬ್ರಿಟಿಷ್ ರೋಡ್‌ಸ್ಟರುಗಳ ಹುಚ್ಚು ಹಿಡಿದಿದ್ದ ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ ಅದಕ್ಕೂ ಹತ್ತು ವರ್ಷ ಹಿಂದೆ ಮಜ್ದಾದ ಕೆನಿಚಿ ಯಮಾಮೊಟೊ ಅವರ ಕಿವಿಗೆ ಹಾಕಿದ ಮಾತು, ತೊಶಿಹಿಕೊ ಹಿರಾಯ್ ಅವರ ತಂಡದ ಕೈಯಲ್ಲಿ ಕಾರಾಯಿತು. ಒಂದು ಟನ್ನಿಗಿಂತ ಕಡಿಮೆ ತೂಕ, 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ಶಕ್ತಿ ಹೋಗುವುದು ಹಿಂಚಕ್ರಗಳಿಗೆ. ಯುರೋಪಿನಲ್ಲಿ ಇದು ಎಂಎಕ್ಸ್-5, ಜಪಾನಿನಲ್ಲಿ ಯೂನೊಸ್ ರೋಡ್‌ಸ್ಟರ್. ಭಾರತದ ಷೋರೂಮುಗಳಿಗೆ ಬರಲೇ ಇಲ್ಲ. ನಮ್ಮ ರಸ್ತೆಗಳಲ್ಲಿ ಮಜ್ದಾ ಎಂಬ ಹೆಸರು ಕಂಡದ್ದು ಸ್ವರಾಜ್ ಮಜ್ದಾ ಮಿನಿಬಸ್ಸು, ಲಾರಿಗಳ ಮುಖದ ಮೇಲೆ ಮಾತ್ರ. ಹಾಗಾಗಿ ಇಲ್ಲಿ ಹೇಳುವ ಮಾದರಿ ವರ್ಷಗಳೆಲ್ಲ ಅಮೆರಿಕದ ಲೆಕ್ಕ. ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ, ವಾರಾಂತ್ಯಕ್ಕೊಂದು ಆಟದ ಕಾರು ಬೇಕು ಎನ್ನುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು.

ಮಾದರಿ ವರ್ಷ ಬೇರೆ, ತಯಾರಾದ ವರ್ಷ ಬೇರೆ. 1989ರ ಬೇಸಿಗೆಯಲ್ಲಿ ಮಾರಾಟವಾದ ಮಿಯಾಟಾಗಳೆಲ್ಲ 1990ರ ಮಾದರಿಗಳು. ಮಾರುವವರ ಬಾಯಿಮಾತು ನಂಬಬೇಕಿಲ್ಲ. ವಾಹನದ ಹದಿನೇಳು ಅಕ್ಷರಗಳ ಗುರುತು ಸಂಖ್ಯೆಯಲ್ಲಿ ಹತ್ತನೆಯದನ್ನು ನೋಡಿದರೆ ಸಾಕು. ‘ಎಲ್’ ಇದ್ದರೆ 1990, ‘ಎಂ’ 1991, ‘ಆರ್’ 1994, ‘ವಿ’ 1997. ನಡುವೆ ‘ಒ’, ‘ಕ್ಯೂ’ ಬರುವುದಿಲ್ಲ, ಸೊನ್ನೆಯೆಂದು ತಪ್ಪು ಓದಬಾರದಲ್ಲ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವುದಕ್ಕೆ ನನ್ನ ತಕರಾರಿಲ್ಲ, ಹಬ್ಬದ ಸಡಗರ ಅದು. ಆದರೆ ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿ ಕಳೆದು ಒಂಬತ್ತು ಬಂದರೆ ಶುಭ, ಎಂಟು ಬಂದರೆ ಶನಿ ಎಂದು ದುಡ್ಡು ಸುರಿಯುವವರು ಈ ಹತ್ತನೇ ಅಕ್ಷರದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂಬುದು ಕೆರಳಿಸುತ್ತದೆ. ಭವಿಷ್ಯ ಹೇಳುವ ಸಂಖ್ಯೆ ಕಾರಿನಲ್ಲಿ ಏನಾದರೂ ಇದ್ದರೆ ಅದು ಇದೇ.

ಏಕೆಂದರೆ ‘ಎಲ್’ ಅಥವಾ ‘ಎಂ’ ಇದ್ದರೆ ಮುಂದೆ ಏನಾಗಬಹುದು ಎಂದು ಹೇಳಬಹುದು. 1990ರ ಕಾರುಗಳಲ್ಲೂ 1991ರ ಮೊದಮೊದಲ ಕಾರುಗಳಲ್ಲೂ ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರಾಂಕ್‌ಶಾಫ್ಟಿನ ಮೂತಿ ಗಿಡ್ಡ. ಅದರ ಮೇಲೆ ಕೂರುವ ಪುಲ್ಲಿಗೆ ಹಿಡಿತ ಕಡಿಮೆ. ಟೈಮಿಂಗ್ ಬೆಲ್ಟ್ ಬದಲಿಸಿದ ಮೆಕ್ಯಾನಿಕ್ ನಡುವಿನ ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಪುಲ್ಲಿ ಕೂದಲೆಳೆಯಷ್ಟು ಅಲುಗಾಡುತ್ತದೆ, ಸಾವಿರಾರು ಮೈಲಿಗಳಲ್ಲಿ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ಕೀ ಕೂರುವ ತೋಡು ಸವೆಯುತ್ತದೆ, ಕವಾಟಗಳ ಲಯ ತಪ್ಪುತ್ತದೆ. ಕೊನೆಗೆ ಎಂಜಿನ್ ಬಿಚ್ಚಿ ಕ್ರಾಂಕನ್ನೇ ಬದಲಿಸಬೇಕಾಗಬಹುದು. ಪುಲ್ಲಿಯ ಮುಖದ ಮೇಲೆ ನಾಲ್ಕು ಸೀಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದದ್ದು. ಟಾರ್ಚ್ ಹಿಡಿದು ಎಣಿಸಿದರಾಯಿತು.

ಇನ್ನು 1994. ಆ ವರ್ಷ ಎಂಜಿನ್ 1.8 ಲೀಟರಿಗೆ ಏರಿತು, 128 ಅಶ್ವಶಕ್ತಿ. ಎರಡು ಏರ್‌ಬ್ಯಾಗ್ ಬಂದವು, ಮುಂದಿನ ಬ್ರೇಕ್ ಡಿಸ್ಕ್ ಸುಮಾರು 235 ಮಿ.ಮೀ.ಯಿಂದ 255ಕ್ಕೆ ದೊಡ್ಡದಾಯಿತು. ತೂಕವೂ ಒಂದಿಷ್ಟು ಕೂಡಿಕೊಂಡಿತು. 1.6ರ ಎಂಜಿನ್ನೇ ಹಗುರಾಗಿ ತಿರುಗುತ್ತಿತ್ತು ಎಂದು ಕೊರಗುವವರು ಇಂದಿಗೂ ಇದ್ದಾರೆ, ಇರಲಿ. ನಿಜವಾದ ಬದಲಾವಣೆ ಆದದ್ದು ಹಿಂದೆ. ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲುಗಾಲಿ, ಅಂದರೆ ಕ್ರೌನ್ ಗಾಲಿ, ಆರು ಇಂಚಿನಿಂದ ಏಳಕ್ಕೆ ಬೆಳೆಯಿತು. ಒಂದೇ ಚಕ್ರ ಜಾರುವುದನ್ನು ತಡೆಯಲು ಆಯ್ಕೆಯಾಗಿ ಸಿಗುತ್ತಿದ್ದ, ದ್ರವದಿಂದ ಕೆಲಸ ಮಾಡುವ ವಿಸ್ಕಸ್ ಘಟಕ ಹೋಗಿ ಅದರ ಜಾಗಕ್ಕೆ ಹಲ್ಲುಗಾಲಿಗಳ ಟಾರ್ಸೆನ್ ಬಂತು.

ಡಿಫರೆನ್ಷಿಯಲ್ ಏಕೆ ಬೇಕು ಎಂಬುದು ಗೊತ್ತೇ ಇದೆ: ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಎಷ್ಟು ಹೆಚ್ಚು ಎಂಬುದರಲ್ಲೇ ಸ್ವಾರಸ್ಯ. ಮಿಯಾಟಾದ ಹಿಂಚಕ್ರಗಳ ನಡುವಿನ ಅಂತರ ಸುಮಾರು 1.42 ಮೀಟರ್. ಪೂರ್ತಿ ಒಂದು ಸುತ್ತು ಹೊಡೆದರೆ ವ್ಯತ್ಯಾಸ ಆ ಅಂತರದ 2π ಪಟ್ಟು, ಅಂದರೆ ಸುಮಾರು 8.9 ಮೀಟರ್. ಈ ಲೆಕ್ಕದಲ್ಲಿ ವೃತ್ತ ಎಷ್ಟು ದೊಡ್ಡದು ಎಂಬ ಮಾತೇ ಇಲ್ಲ! ಒಂದು ಪುಟ್ಟ ಸರ್ಕಲ್ ಸುತ್ತಿದರೂ 8.9 ಮೀಟರ್, ಬೆಂಗಳೂರಿನ ಸುಮಾರು 60 ಕಿ.ಮೀ. ಉದ್ದದ ಹೊರವರ್ತುಲ ರಸ್ತೆಯನ್ನು ಪೂರ್ತಿ ಸುತ್ತಿ ಬಂದರೂ ಅಷ್ಟೇ. ದಾರಿ ಎಷ್ಟೇ ಅಂಕುಡೊಂಕಾಗಿರಲಿ, ಕಾರಿನ ಮುಖ ಒಟ್ಟು ಎಷ್ಟು ಡಿಗ್ರಿ ತಿರುಗಿತು ಎಂಬುದೊಂದೇ ಲೆಕ್ಕಕ್ಕೆ ಬರುತ್ತದೆ.

ಇದನ್ನು ತಿರುಗಾಮುರುಗಾ ಮಾಡಿ ನೋಡಿ. ಎರಡು ಚಕ್ರಗಳ ಓಟದ ವ್ಯತ್ಯಾಸ ತಿಳಿದರೆ ಗಾಡಿ ಎತ್ತ ಮುಖ ಮಾಡಿದೆ ಎಂದು ಹೇಳಬಹುದು. ಚೀನಾದಲ್ಲಿ ಮೂರನೇ ಶತಮಾನದ ಮಾ ಜುನ್ ಕಟ್ಟಿದನೆನ್ನುವ ‘ದಕ್ಷಿಣ ತೋರುವ ರಥ’ದ ಗುಟ್ಟು ಇದೇ ಇರಬೇಕು. ರಥ ಎತ್ತ ಹೊರಳಿದರೂ ಮೇಲಿನ ಬೊಂಬೆ ದಕ್ಷಿಣಕ್ಕೇ ಕೈ ಚಾಚಿರುತ್ತಿತ್ತಂತೆ, ಅಯಸ್ಕಾಂತದ ಹಂಗಿಲ್ಲದೆ. ಮೂಲ ರಥ ಉಳಿದಿಲ್ಲ. ಒಳಗೆ ಡಿಫರೆನ್ಷಿಯಲ್ ಗಾಲಿಗಳೇ ಇದ್ದವೆಂದು ಆಣೆ ಮಾಡಿ ಹೇಳಲಾಗದು. ಗಣಿತವಂತೂ ಸರಿಯಾಗಿದೆ, ಚಕ್ರ ಜಾರದಿದ್ದರೆ. ವಾಹನಕ್ಕೆ ಇದನ್ನು ಅಳವಡಿಸಿ ಪೇಟೆಂಟ್ ಪಡೆದವನು ಒನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಗಡಿಯಾರ ತಯಾರಕ, 1820ರ ದಶಕದ ಕೊನೆಯಲ್ಲಿ, ಹಬೆಗಾಡಿಗಾಗಿ.

ಪೆಕ್ಯೂರನ ಉಪಾಯಕ್ಕೆ ಒಂದು ದೌರ್ಬಲ್ಯವಿದೆ. ಅದನ್ನು ಹೆಚ್ಚಿನವರು ತಪ್ಪಾಗಿ ಹೇಳುತ್ತಾರೆ. “ಜಾರುವ ಚಕ್ರಕ್ಕೇ ಎಲ್ಲ ಬಲ ಹೋಗುತ್ತದೆ” ಎಂಬ ಮಾತು ಗ್ಯಾರೇಜಿನಲ್ಲೂ ಕೇಳುತ್ತದೆ, ಯೂಟ್ಯೂಬಿನಲ್ಲೂ ಕೇಳುತ್ತದೆ. ಹಾಗಿಲ್ಲ. ಸಾದಾ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸದಾ ಸಮವಾದ ತಿರುಚುಬಲವನ್ನೇ ಹಂಚುತ್ತದೆ. ತೊಂದರೆ ಆ ಸಮಪಾಲಿನದ್ದೇ. ತಿರುವಿನಲ್ಲಿ ಭಾರ ಹೊರಗೆ ವಾಲುತ್ತದೆ, ಒಳಚಕ್ರ ಹಗುರಾಗುತ್ತದೆ. ಅದು ಜಾರದೆ ತಡೆದುಕೊಳ್ಳಬಲ್ಲ ಬಲ 100 ಎಂದಿಟ್ಟುಕೊಳ್ಳಿ. ಆಗ ನೆಲವನ್ನು ಗಟ್ಟಿಯಾಗಿ ಕಚ್ಚಿದ ಹೊರಚಕ್ರಕ್ಕೂ ಸಿಗುವುದು 100 ಮಾತ್ರ, ಒಟ್ಟು 200. ಅದಕ್ಕಿಂತ ಹೆಚ್ಚು ಒತ್ತಿದರೆ ಒಳಚಕ್ರ ಬರಿದೇ ಗಿರಕಿ ಹೊಡೆಯುತ್ತದೆ. 116 ಇರಲಿ, 160 ಇರಲಿ, ಅಶ್ವಗಳೆಲ್ಲ ಅಲ್ಲಿ ಟೈರಿನ ಹೊಗೆಯಾಗುತ್ತವೆ. 1930ರ ದಶಕದಲ್ಲಿ ಆಟೊ ಯೂನಿಯನ್ ರೇಸ್ ಕಾರುಗಳಿಗೆ ಇದೇ ಕಾಟ. ಗಂಟೆಗೆ 160 ಕಿ.ಮೀ. ವೇಗದಲ್ಲೂ ಒಂದು ಹಿಂಚಕ್ರ ಜಾರುತ್ತಿತ್ತು. ಕೊನೆಗೆ 1935ರಲ್ಲಿ ಫರ್ಡಿನಾಂಡ್ ಪೋರ್ಷೆ ಜರ್ಮನಿಯ ಜಡ್‌ಎಫ್ ಕಂಪನಿಗೆ ಹೇಳಿ ಜಾರುವಿಕೆಗೆ ಕಡಿವಾಣ ಹಾಕುವ ಡಿಫರೆನ್ಷಿಯಲ್ ಮಾಡಿಸಿದರು.

ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರಿನ ಒಂದು ಚಕ್ರ ಹೂತು ತಿರುಗಿದಾಗ ಚಾಲಕರು ಲಾಕ್ ಪೆಡಲ್ ತುಳಿದು ಎರಡೂ ಚಕ್ರಗಳನ್ನು ಒಂದು ಮಾಡುತ್ತಾರೆ. ಡಾಂಬರಿನ ಮೇಲೆ ಅದೇ ಉಪಾಯ ನಡೆಯದು, ಕಾರು ತಿರುಗಲೇ ಒಪ್ಪುವುದಿಲ್ಲ. ಎರಡರ ನಡುವಿನದ್ದೇನೋ ಬೇಕು. 1990ರಿಂದ 1993ರ ಮಿಯಾಟಾಗಳ ವಿಸ್ಕಸ್ ಘಟಕದಲ್ಲಿ ತೆಳು ತಟ್ಟೆಗಳ ನಡುವೆ ದಪ್ಪನೆಯ ಸಿಲಿಕೋನ್ ದ್ರವ ಇರುತ್ತದೆ. ಚಕ್ರಗಳ ವೇಗ ಬೇರೆಯಾದಾಗ ಆ ದ್ರವ ತಟ್ಟೆಗಳನ್ನು ಹಿಡಿದೆಳೆಯುತ್ತದೆ. ಆದರೆ ಎಳೆಯಬೇಕಾದರೆ ಚಕ್ರ ಮೊದಲು ಜಾರಿರಬೇಕು. ಕಳ್ಳ ಓಡಿದ ಮೇಲೆ ಕದ ಹಾಕುವ ಏರ್ಪಾಡು. ಮೇಲಾಗಿ ಮೂವತ್ತು ವರ್ಷ ಹಳೆಯದಾದ ದ್ರವದಲ್ಲಿ ಮೊದಲಿನ ಕಸುವು ಇರುವುದಿಲ್ಲ.

ಟಾರ್ಸೆನ್ ಜಾರುವವರೆಗೆ ಕಾಯುವುದಿಲ್ಲ. ವರ್ನನ್ ಗ್ಲೀಸ್ಮನ್ ಎಂಬ ಅಮೆರಿಕನ್ 1958ರಲ್ಲಿ ಪೇಟೆಂಟ್ ಪಡೆದ ಈ ಯಂತ್ರದ ಜೀವಾಳ ವರ್ಮ್ ಗೇರ್, ಅಂದರೆ ಸ್ಕ್ರೂ ಆಕಾರದ ಗಾಲಿ. ಗಿಟಾರಿನ ತಲೆಯಲ್ಲಿರುವ ಕಿವಿಯನ್ನು ಬೆರಳಲ್ಲಿ ತಿರುಗಿಸಿದರೆ ತಂತಿ ಬಿಗಿಯುತ್ತದೆ, ತಂತಿಯನ್ನು ಎಷ್ಟೇ ಜಗ್ಗಿದರೂ ಕಿವಿ ತಿರುಗುವುದಿಲ್ಲ. ವರ್ಮ್ ತನ್ನ ಜೊತೆ ಗಾಲಿಯನ್ನು ಸಲೀಸಾಗಿ ತಿರುಗಿಸಬಲ್ಲದು, ಗಾಲಿ ವರ್ಮನ್ನು ತಿರುಗಿಸುವುದು ಕಷ್ಟ. ಟಾರ್ಸೆನ್ನಿನಲ್ಲಿ ಎಡ ಆಕ್ಸಲಿಗೊಂದು, ಬಲ ಆಕ್ಸಲಿಗೊಂದು ವರ್ಮ್. ಅವುಗಳ ಸುತ್ತ ಜೋಡಿಜೋಡಿ ಗಾಲಿಗಳು, ಪ್ರತಿ ಜೋಡಿಯೂ ಅಂಚಿನ ಹಲ್ಲುಗಳಿಂದ ಪರಸ್ಪರ ಬಂಧಿ. ಎಡಚಕ್ರ ತಾನೊಬ್ಬನೇ ಮುಂದೆ ಓಡಬೇಕೆಂದರೆ ಎಡ ವರ್ಮ್ ತನ್ನ ಗಾಲಿಯನ್ನು ತಿರುಗಿಸಬೇಕು. ಆ ಗಾಲಿ ತನ್ನ ಜೊತೆಗಾರನನ್ನು, ಜೊತೆಗಾರ ಬಲ ವರ್ಮನ್ನು ತಿರುಗಿಸಬೇಕು. ಈ ಕೊನೆಯ ಹೆಜ್ಜೆ ಉಲ್ಟಾ ದಿಕ್ಕಿನದು, ಅಲ್ಲೇ ಬಿಗಿತ ಹುಟ್ಟುತ್ತದೆ. ಎಂಜಿನ್ ಎಷ್ಟು ಜೋರಾಗಿ ನೂಕುತ್ತದೋ ಹಲ್ಲುಗಳು ಅಷ್ಟು ಗಟ್ಟಿಯಾಗಿ ಒತ್ತಿಕೊಳ್ಳುತ್ತವೆ, ಬಿಗಿತವೂ ಅಷ್ಟೇ ಏರುತ್ತದೆ. ಕಾಲು ತೆಗೆದರೆ ಮಾಯ. ದ್ರವವಿಲ್ಲ, ವಿದ್ಯುತ್ತಿಲ್ಲ, ಹಲ್ಲುಗಳ ಓರೆಯೇ ಎಲ್ಲ ತೀರ್ಮಾನ ಮಾಡುತ್ತದೆ. ಎರಡೂವರೆ ಪಟ್ಟು ಹಂಚಬಲ್ಲ ಟಾರ್ಸೆನ್ ಇದ್ದರೆ ಒಳಚಕ್ರದ 100ಕ್ಕೆ ಹೊರಚಕ್ರ 250ರವರೆಗೆ ಪಡೆಯುತ್ತದೆ, ಒಟ್ಟು 350. ಅದೇ ಎಂಜಿನ್, ಅದೇ ಟೈರು.

ಇದಕ್ಕೂ ಒಂದು ಹುಳುಕಿದೆ. ಒಳಚಕ್ರ ಪೂರ್ತಿ ಗಾಳಿಯಲ್ಲಿ ತೇಲಿದರೆ ಅದರ ಪಾಲು ಸೊನ್ನೆ, ಸೊನ್ನೆಯ ಎರಡೂವರೆ ಪಟ್ಟು ಸೊನ್ನೆಯೇ. ಅಮೆರಿಕದ ಸೇನೆಯ ಹಮ್‌ವಿ ವಾಹನಗಳ ಹಿಂದೆ ಮುಂದೆ ಎರಡೂ ಕಡೆ ಟಾರ್ಸೆನ್ ಇವೆ. ಚಕ್ರ ಮೇಲೆದ್ದಾಗ ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕನ್ನು ಮೆಲ್ಲಗೆ ತುಳಿಯಲು ಚಾಲಕರಿಗೆ ಕಲಿಸುತ್ತಾರೆ. ತೇಲುವ ಚಕ್ರಕ್ಕೆ ಬ್ರೇಕ್ ಒಂದಿಷ್ಟು ತಡೆ ಕೊಟ್ಟರೆ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ, ನೆಲದ ಮೇಲಿನ ಚಕ್ರಕ್ಕೆ ಅದರ ಹಲವು ಪಟ್ಟು ಬಲ ಸಿಗುತ್ತದೆ.

ಕಾರು ನೋಡಲು ಹೋದವರು ಮಾಡುವ ಒಂದು ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ. ಜ್ಯಾಕ್ ಹಾಕಿ ಹಿಂದನ್ನು ಎತ್ತಿ, ಒಂದು ಚಕ್ರ ತಿರುಗಿಸಿ, ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಿದರೆ “ಸಾದಾ ಡಿಫರೆನ್ಷಿಯಲ್, ಬಿಡಿ” ಎಂದುಬಿಡುತ್ತಾರೆ. ಹೊರೆಯಿಲ್ಲದಾಗ ಟಾರ್ಸೆನ್ ಕೂಡ ವಿರುದ್ಧ ದಿಕ್ಕಿಗೆ ತಿರುಗಬಹುದು, ನೂಕುಬಲವೇ ಇಲ್ಲದ ಮೇಲೆ ಬಿಗಿತ ಎಲ್ಲಿಂದ ಬರಬೇಕು? ಕಾರು ಹೊಸದಾಗಿದ್ದಾಗ ಕಿಟಕಿಗೆ ಅಂಟಿಸಿದ್ದ, ಆಯ್ಕೆಗಳ ಪಟ್ಟಿಯಿರುವ ಚೀಟಿ ಸಿಕ್ಕರೆ ಅದನ್ನು ಓದುವುದು ವಾಸಿ. ಇಲ್ಲದಿದ್ದರೆ ಖಾಲಿ ಜಾಗದಲ್ಲಿ ಎರಡನೇ ಗೇರಿನಲ್ಲಿ ಬಿಗಿ ತಿರುವಿನಿಂದ ಹೊರಬರುತ್ತಾ ಆಕ್ಸಿಲರೇಟರ್ ಒತ್ತಿ, ಒಳಚಕ್ರ ಬರಿದೇ ಗಿರಕಿ ಹೊಡೆಯುತ್ತದೆಯೇ ಎಂದು ನೋಡಬೇಕು.

ಉಳಿದ ಆಯ್ಕೆಗಳ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಪವರ್ ಕಿಟಕಿ, ಕ್ರೂಸ್ ಕಂಟ್ರೋಲ್, ತಲೆದಿಂಬಿನ ಸ್ಪೀಕರ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. 1994ರಲ್ಲಿ ಬಂದ ಆರ್ ಪ್ಯಾಕೇಜಿನಲ್ಲಿ ಬಿಲ್‌ಸ್ಟೀನ್ ಕಂಪನಿಯ ಷಾಕ್ ಅಬ್ಸಾರ್ಬರುಗಳು, ಗಡುಸು ಸ್ಪ್ರಿಂಗ್, ಟಾರ್ಸೆನ್ ಎಲ್ಲ ಇವೆ, ಪವರ್ ಸ್ಟಿಯರಿಂಗ್ ಇಲ್ಲ. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಹಬ್ಬ, ದಿನವೂ ಆಫೀಸಿಗೆ ಹೋಗುವವರ ಬೆನ್ನಿಗೆ ಶಿಕ್ಷೆ. ಆಟೊಮ್ಯಾಟಿಕ್ ಬೇಡವೇ ಬೇಡ. ಮೈಲಿ ಕಡಿಮೆ ಎಂದು ಮರುಳಾಗಬಾರದು, ಟೈಮಿಂಗ್ ಬೆಲ್ಟಿನ ರಬ್ಬರಿಗೆ ಷೆಡ್ಡಿನಲ್ಲಿ ನಿಂತಿದ್ದರೂ ವಯಸ್ಸಾಗುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಕಾರಾದರೆ ಬಾಗಿಲ ಕೆಳಗಿನ ಸಿಲ್‌ಗಳನ್ನು ತಟ್ಟಿ ನೋಡಬೇಕು. ಛಾವಣಿಯ ನೀರು ಹರಿಯುವ ತೂತು ಕಸದಿಂದ ಕಟ್ಟಿಕೊಂಡು ತುಕ್ಕು ಹಿಡಿಯುವುದು ಅಲ್ಲೇ.

ಅಶ್ವಶಕ್ತಿಯ ಅಂಕಿ ಎಷ್ಟು ನಂಬಿಕೆಗೆ ಅರ್ಹ ಎಂಬುದಕ್ಕೆ 2001ರ ಮಿಯಾಟಾ ಸಾಕ್ಷಿ. ಮೊದಲು 155 ಎಂದು ಪ್ರಕಟಿಸಿದ ಮಜ್ದಾ ಆಮೇಲೆ ಅದನ್ನು 142ಕ್ಕೆ ಇಳಿಸಿ, ಬೇಡವೆಂದವರ ಕಾರನ್ನು ವಾಪಸು ಕೊಳ್ಳುವುದಾಗಿ ಹೇಳಬೇಕಾಯಿತು. ಇತ್ತೀಚಿನ ಪೀಳಿಗೆಯಲ್ಲಿ 2019ರ ಏರಿಕೆ ಮಾತ್ರ ದಿಟ: 155ರಿಂದ 181ಕ್ಕೆ, ಎಂಜಿನ್ ತಿರುಗುವ ಮಿತಿ 6,800ರಿಂದ 7,500ಕ್ಕೆ. ಆದರೂ ಅಗ್ಗದ ಸ್ಪೋರ್ಟ್ ಆವೃತ್ತಿಯಲ್ಲಿ ಸಾದಾ ಡಿಫರೆನ್ಷಿಯಲ್ಲೇ. ಕಡಿವಾಣದ್ದು ಬೇಕಿದ್ದರೆ ಮ್ಯಾನುಯಲ್ ಗೇರಿನ ದುಬಾರಿ ಆವೃತ್ತಿ, ಉದಾಹರಣೆಗೆ ಕ್ಲಬ್, ತೆಗೆದುಕೊಳ್ಳಬೇಕು. 2022ರಿಂದ ತಿರುವಿನಲ್ಲಿ ಒಳಗಿನ ಹಿಂಚಕ್ರಕ್ಕೆ ಕಂಪ್ಯೂಟರೇ ನವಿರಾಗಿ ಬ್ರೇಕ್ ಹಾಕುತ್ತದೆ. ಕಾರಿನ ಹಿಂಭಾಗ ಮೇಲೇಳದಂತೆ ಹಿಡಿದಿಡುವುದು ಅದರ ಉದ್ದೇಶ. 2024ರಲ್ಲಿ ಬಂದ ಹೊಸ ಡಿಫರೆನ್ಷಿಯಲ್, ವೇಗ ಹೆಚ್ಚಿಸುವಾಗ ಒಂದು ಪ್ರಮಾಣದಲ್ಲಿ, ಕಾಲು ತೆಗೆದಾಗ ಇನ್ನೊಂದು ಪ್ರಮಾಣದಲ್ಲಿ ಬಿಗಿಯುತ್ತದೆ.

ಹೊಸದಕ್ಕೆ ದುಡ್ಡಿದ್ದರೆ 2024ರ ನಂತರದ ಕ್ಲಬ್. ಹಳೆಯದಾದರೆ 1994ರಿಂದ 1997ರ ನಡುವಿನ ಟಾರ್ಸೆನ್ ಇರುವ ಕಾರು, ಬಣ್ಣ ಯಾವುದಾದರೂ ಇರಲಿ. ಟಾರ್ಸೆನ್ ಇಲ್ಲದ 1.8 ಸಿಕ್ಕರೂ ಬಿಡಬೇಕಿಲ್ಲ, ಏಳು ಇಂಚಿನ ಗೂಡು ಹೇಗೂ ಇದೆ, ಗುಜರಿ ಅಂಗಡಿಯಲ್ಲಿ ಟಾರ್ಸೆನ್ ಸಿಕ್ಕ ದಿನ ಹಾಕಿಸಿಕೊಳ್ಳಬಹುದು. 1.6ರ ಕಾರಿಗೆ ಅದನ್ನೇ ಹಾಕಿಸಬೇಕಾದರೆ ಹಿಂದಿನ ಎರಡು ಆಕ್ಸಲ್, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ 1.8ರದ್ದೇ ತರಬೇಕಾಗುತ್ತದೆ. ಆ ಖರ್ಚನ್ನು ಬೆಲೆ ಕುದುರಿಸುವಾಗಲೇ ಕಳೆದುಕೊಳ್ಳುವುದು ಮೇಲು.