ಟಾಪ್ ಅಪ್: ಹಳೆ ಸ್ಪೋರ್ಟ್ಸ್ ಕಾರಿಗೆ ಏನು, ಎಷ್ಟು ಹಾಕಬೇಕು?

ಇಂಜಿನ್ ಆಯಿಲ್, ಇಂಜಿನ್ ತಣ್ಣಗಿಡುವ ಕೂಲೆಂಟ್, ಬ್ರೇಕ್ ಆಯಿಲ್ ಗುರುತಿಗಿಂತ ಕೆಳಗಿಳಿದಾಗ, ಇದ್ದದ್ದನ್ನು ತೆಗೆಯದೆ ಕಮ್ಮಿಯಾದಷ್ಟನ್ನು ಮಾತ್ರ ಸೇರಿಸುವುದೇ ಟಾಪ್ ಅಪ್. ಹಳೆಯದನ್ನು ಪೂರ್ತಿ ಇಳಿಸಿ ಹೊಸದು ತುಂಬಿದರೆ ಅದು ಆಯಿಲ್ ಚೇಂಜ್. ಈಗಿನ ಕಾರುಗಳಲ್ಲಿ ಸರ್ವೀಸಿನವರೇ ಇದನ್ನು ನೋಡಿಕೊಳ್ಳುತ್ತಾರೆ. 1962ರಲ್ಲಿ ಬಂದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಎಂಜಿಬಿಯಂಥ ಗಾಡಿ ಮನೆಯಲ್ಲಿದ್ದರೆ ಮಾತ್ರ ಬಾನೆಟ್ ಎತ್ತುವ ಕೆಲಸ ನಿಮ್ಮದೇ.

ಸುಮ್ನೆ ಸುರಿಯುವ ಮೊದಲು, ಕಮ್ಮಿಯಾದದ್ದು ಎಲ್ಲಿಗೆ ಹೋಯಿತು ಎಂದು ನೋಡಬೇಕು. ಹಳೆ ಇಂಜಿನ್ ಸ್ವಲ್ಪ ಆಯಿಲ್ ಸುಡುವುದು ಮಾಮೂಲು. ಕೆಳಗೆ ಒಂದೆರಡು ಹನಿ ಬಿದ್ದರೂ ಗಾಬರಿ ಬೇಡ. ಇಂಗ್ಲೆಂಡಿನ ಹಳೆ ಗಾಡಿ ಸೋರುತ್ತಿಲ್ಲ ಅಂದರೆ ಒಳಗೆ ಆಯಿಲ್ಲೇ ಇಲ್ಲ ಅಂತ ತಮಾಷೆಯೂ ಇದೆ! ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡಿ. ಇಂಥ ಇಂಜಿನ್‌ಗಳಿಗೆ ಸಾಮಾನ್ಯವಾಗಿ 20ಡಬ್ಲ್ಯು-50 ದರ್ಜೆಯ ದಪ್ಪ ಆಯಿಲ್ ಹಾಕುತ್ತಾರೆ. ಮೇಲಿನ ಗುರುತು ದಾಟಿಸಬೇಡಿ. ಜಾಸ್ತಿಯಾದರೆ ಸೀಲುಗಳಿಂದ ಇನ್ನಷ್ಟು ಸೋರುತ್ತದೆ.

ಎಸ್‌ಯು ಕಂಪನಿಯ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇದ್ದರೆ ಅದರ ತಲೆಯ ಮೇಲಿನ ಮುಚ್ಚಳ ತಿರುಗಿಸಿ, ಅದರೊಳಗೆ ಆಯಿಲ್ ನಿಲ್ಲುವ ಕೊಳವೆಯಾದ ಡ್ಯಾಶ್‌ಪಾಟ್‌ಗೂ ಚೂರು ಆಯಿಲ್ ಬಿಡಬೇಕು. ಬಹಳ ಜನ ಇದನ್ನು ಮರೆಯುತ್ತಾರೆ. ಅದು ಒಣಗಿದರೆ ಆಕ್ಸಲರೇಟರ್ ತಟ್ಟನೆ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ.

ಕೂಲೆಂಟ್ ವಿಷಯಕ್ಕೆ ಬಂದರೆ, ನಮ್ಮೂರು ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಂದಿ ಬೆಟ್ಟದ ಮೇಲೆ 95ರ ಆಸುಪಾಸು. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಕುದಿಯುವುದನ್ನು ಮುಂದೂಡುತ್ತದೆ. ಹಾಗಾಗಿ ಮುಚ್ಚಳದ ರಬ್ಬರ್ ಹೋಗಿದ್ದರೆ ಎಷ್ಟು ಸುರಿದರೂ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಉಕ್ಕಿ ಹೊರಬರುತ್ತದೆ. ಬಿಸಿ ಇರುವಾಗ ಅದನ್ನು ತೆರೆಯಲೇಬೇಡಿ. ನಮಗೇನು ಹಿಮವೇ, ಬರೀ ನೀರು ಸಾಕಲ್ವಾ ಅನ್ನುವವರಿದ್ದಾರೆ. ಸಾಲದು. ಕೂಲೆಂಟ್ ಒಳಗಿನ ತುಕ್ಕನ್ನೂ ತಡೆಯುತ್ತದೆ. ಅದಕ್ಕೆ ಬೆರೆಸಲು ಡಿಸ್ಟಿಲ್ಡ್ ವಾಟರ್ರೇ ಬೇಕು, ಬೋರ್‌ವೆಲ್ ನೀರು ಹಾಕಿದರೆ ರೇಡಿಯೇಟರ್ ಕೊಳವೆಗಳಲ್ಲಿ ಬಿಳಿ ಗಸಿ ಕಟ್ಟುತ್ತದೆ. ಕತ್ತಿನವರೆಗೂ ತುಂಬಬಾರದು, ಹಿಗ್ಗಲು ಜಾಗ ಬಿಡಬೇಕು. ಬ್ಯಾಟರಿಗೂ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಅಲ್ಲ.

ಬ್ರೇಕ್ ಆಯಿಲ್ ಅಂತ ಗ್ಯಾರೇಜಿನಲ್ಲಿ ಹೇಳಿದರೂ ಅದು ಇಂಜಿನ್ ಆಯಿಲ್‌ನಂಥದ್ದಲ್ಲ. ಅದರ ಡಬ್ಬಿಗೆ ಇಂಜಿನ್ ಆಯಿಲ್ ಸೇರಿದರೆ ರಬ್ಬರ್ ಸೀಲುಗಳು ಉಬ್ಬಿ ಬ್ರೇಕ್ ಕೈಕೊಡುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಇರುವ ಗಾಡಿಗೆ ಸಿಲಿಕೋನಿನ ಡಾಟ್ 5 ಬೆರೆಸುವುದೂ ತಪ್ಪು. ಪ್ಯಾಡ್ ಸವೆದಂತೆ ಬ್ರೇಕ್ ಡಬ್ಬಿಯಲ್ಲಿ ಮಟ್ಟ ನಿಧಾನಕ್ಕೆ ಇಳಿಯುವುದು ಸಹಜ. ಆಗ ಮೇಲಿನವರೆಗೆ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕುವಾಗ ಉಕ್ಕಿ ಪೇಂಟ್ ಎದ್ದುಹೋಗುತ್ತದೆ. ಇದೇ ಆಯಿಲ್ ಬಳಸುವ ಕ್ಲಚ್‌ನ ಡಬ್ಬಿ ಪದೇ ಪದೇ ಇಳಿಯುತ್ತಿದ್ದರೆ ಮಾತ್ರ ಸೋರಿಕೆಯೇ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ ಇನ್ನೊಂದು ಬಾಟಲಿ ತರುವ ಬದಲು ಸೀಲ್ ಕಿಟ್ ತನ್ನಿ. ಇನ್ನೊಂದು ವಿಷಯ, ಡಾಟ್ 4 ಗಾಳಿಯಲ್ಲಿನ ತೇವ ಹೀರುತ್ತದೆ. ಟಾಪ್ ಅಪ್ ಮಾಡಿದರೆ ಆ ತೇವ ಹೋಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಅರ್ಧ ಉಳಿದ ಹಳೆ ಬಾಟಲಿಯನ್ನಂತೂ ಮತ್ತೆ ಬಳಸಬೇಡಿ.